ಜಟ್ಟಿ ನೀರು ಹಾಕಿದ ಮೆಂತ್ಯ

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಅಡವಯ್ಯ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದರು.

ಒಂದು ದಿನ ಭರಮಣ್ಣನೆಂಬ ಜಟ್ಟಿ ಬಂದು ಅವರ ಕಾಲಿಗೆ ಬಿದ್ದ.

"ಸುತ್ತಲಿನ ಗರಡಿಗಳಲ್ಲಿ ನನಗೆ ಎದುರಾಳಿ ಉಳಿದಿಲ್ಲ, ಅಜ್ಜಾರೇ. ಆದರೂ ಮನಸ್ಸು ತುಂಬಿಲ್ಲ. ನನಗೇನಾದರೂ ಕಲಿಸಿ."

ಅಜ್ಜ ಮಠದ ಹಿತ್ತಲು ತೋರಿಸಿದರು. ಪಾತಿಗಳಲ್ಲಿ ಮೆಂತ್ಯ ಆಗಷ್ಟೇ ಮೊಳೆತಿತ್ತು.

"ಇದಕ್ಕೆ ನೀರು ಹಾಕು."

"ಇಷ್ಟೇನಾ?"

"ಇಷ್ಟೇ."

ಭರಮಣ್ಣ ಎರಡು ದೊಡ್ಡ ಕೊಡ ಎತ್ತಿಕೊಂಡು ಹೊಳೆಗೆ ಇಳಿದ. ಎರಡು ಹೆಗಲಿನ ಮೇಲೂ ತುಂಬಿದ ಕೊಡ ಇಟ್ಟುಕೊಂಡು, ಒಂದು ಹನಿಯೂ ತುಳುಕದಂತೆ ದಂಡೆ ಏರಿದ. ಮಠದವರು ಕೆಲಸ ಬಿಟ್ಟು ನೋಡಿದರು. ಅವನು ಮೀಸೆಯಲ್ಲೇ ನಕ್ಕು, ನಿಂತಲ್ಲಿಂದಲೇ ಕೊಡಗಳನ್ನು ಪಾತಿಗೆ ಬೋರಲು ಹಾಕಿದ.

ಮಣ್ಣು ಕಿತ್ತುಬಂತು. ಮೊಳಕೆಗಳೆಲ್ಲ ಕೊಚ್ಚಿಹೋಗಿ ಬದುವಿಗೆ ಅಂಟಿಕೊಂಡವು.

ಅಜ್ಜ ಬಯ್ಯಲಿಲ್ಲ.

"ಬಾಯಾರಿದೆಯೇನು?"

"ಹೌದು, ಅಜ್ಜಾರೇ."

"ಕೂತು ಬೊಗಸೆ ಒಡ್ಡು."

ಭರಮಣ್ಣ ಬೊಗಸೆ ಒಡ್ಡಿ ಬಾಯಿ ತಗ್ಗಿಸಿದ. ಅಜ್ಜ ಇನ್ನೊಂದು ಕೊಡ ತಂದು ಒಂದೇ ಸಲಕ್ಕೆ ಮಗುಚಿದರು. ನೀರು ಮೂಗು ಕಣ್ಣಿಗೆಲ್ಲ ನುಗ್ಗಿ, ಜಟ್ಟಿ ಉಸಿರುಗಟ್ಟಿ ಕೆಮ್ಮಿದ.

"ಮೆಲ್ಲಗೆ, ಅಜ್ಜಾರೇ, ಮೆಲ್ಲಗೆ!"

"ನಿನಗೆ ಬಾಯಿದೆ, ಹೇಳಿದೆ. ಮೆಂತ್ಯ ಏನು ಮಾಡೀತು?" ಎಂದು ಅಜ್ಜ ಒಳಗೆ ಹೋದರು.

ಆ ಮೆಂತ್ಯ ಕೊಯ್ಲಿಗೆ ಬರಬೇಕಿದ್ದ ವಾರ ಸೊಪ್ಪಿಲ್ಲದೆ, ಮಠಕ್ಕೆ ಬಂದವರೆಲ್ಲ ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡು ಉಂಡರು. ಯಾರೂ ಅವನಿಗೆ ಏನೂ ಅನ್ನಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಭರಮಣ್ಣ ಮಣ್ಣು ಹದ ಮಾಡಿ ಮತ್ತೆ ಬಿತ್ತಿದ. ಕೊಡ ಬದಿಗಿಟ್ಟು ಚೊಂಬು ಹಿಡಿದ. ಬೆಳಗಿನ ತಂಪಿನಲ್ಲಿ ಪಾತಿಯ ಪಕ್ಕ ಮಂಡಿಯೂರಿ, ಬೆರಳು ಅಗಲಿಸಿ, ಬೆರಳ ಸಂದಿನಿಂದ ನೀರು ಇಳಿಬಿಡುವುದನ್ನು ಅಭ್ಯಾಸ ಮಾಡಿದ. ಮೊದಮೊದಲು ಕೈ ಕೇಳಲಿಲ್ಲ. ಜಟ್ಟಿಗಳ ಕುತ್ತಿಗೆ ಹಿಡಿದು ರೂಢಿಯಾದ ಕೈ ಅದು.

ಒಂದು ಮುಂಜಾನೆ ಅಜ್ಜ ಅವನ ಚೊಂಬು ತಡೆದರು.

"ಇವತ್ತು ಬೇಡ."

"ದಿನಾ ಹಾಕಬೇಕಲ್ಲವೇ?"

ಅಜ್ಜ ಅವನ ಬೆರಳು ಹಿಡಿದು ಮಣ್ಣಿಗೆ ಊರಿಸಿದರು. "ಏನಿದೆ?"

"ಇನ್ನೂ ಹಸಿಯಿದೆ."

"ಉಂಡು ಕೂತವರ ಎಲೆಗೆ ಮತ್ತೆ ಅನ್ನ ಸುರಿಯುತ್ತಾರೇನು?"

ಅಂದಿನಿಂದ ಅವನು ಮೊದಲು ಮಣ್ಣನ್ನು ಮುಟ್ಟಿ ನೋಡುತ್ತಿದ್ದ, ಆಮೇಲೆ ಚೊಂಬು ಹಿಡಿಯುತ್ತಿದ್ದ. ಮೆಂತ್ಯ ಒತ್ತಾಗಿ ಎದ್ದಿತು. ಅದರ ಪಕ್ಕದಲ್ಲಿ ಹರಿವೆ ಕೆಂಪಗೆ ತಲೆಯೆತ್ತಿತು. ಒಂದು ಪಾತಿ ಕೊಯ್ಲಿಗೆ ಬರುವ ಹೊತ್ತಿಗೆ ಇನ್ನೊಂದರಲ್ಲಿ ಎಳೆ ಮೊಳಕೆ ಇರುತ್ತಿತ್ತು.

ಹೀಗಿರುವಾಗ ಗರಡಿಯ ವಸ್ತಾದ ಹುಸೇನಸಾಬರು ಅವನನ್ನು ಹುಡುಕಿಕೊಂಡು ಬಂದರು. ಭರಮಣ್ಣನಿಗೆ ಕುಸ್ತಿ ಕಲಿಸಿದವರು ಅವರೇ.

"ಇದೇನು ಭರಮಾ? ಹುಲಿಯಂಥ ಮಗ ಸೊಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೀಯಾ? ಊರಲ್ಲಿ ಹೊಸ ಜಟ್ಟಿಯೊಬ್ಬ ತೊಡೆ ತಟ್ಟುತ್ತಿದ್ದಾನೆ. 'ನನಗೆ ಹೆದರಿ ಭರಮ ಮಠ ಸೇರಿದ' ಅಂತಾನೆ. ಏಳು, ಹೋಗೋಣ."

ಭರಮಣ್ಣನ ಕತ್ತಿನ ನರ ಉಬ್ಬಿತು. ಅವನು ಅಜ್ಜನ ಮುಖ ನೋಡಿದ.

"ಹೋಗುವುದಾದರೆ ಹೋಗು. ನಾನು ನೀರು ಹಾಕಿಕೊಳ್ಳುತ್ತೇನೆ," ಎಂದರು ಅಜ್ಜ.

ಭರಮಣ್ಣ ಚೊಂಬೆತ್ತಿ, ಎಳೆ ಮೊಳಕೆಯ ಪಾತಿಗೆ ಬಾಗಿದ. ಅವನ ಬೆರಳುಗಳಿಂದ ನೀರು ಸೋನೆಯಂತೆ ಇಳಿಯಿತು. ಒಂದು ಮೊಳಕೆಯೂ ಅಡ್ಡ ಬೀಳಲಿಲ್ಲ.

ವಸ್ತಾದರು ಆ ಕೈಯನ್ನೇ ನೋಡುತ್ತ ನಿಂತರು. ತಾವೇ ತಿದ್ದಿ ಗಟ್ಟಿ ಮಾಡಿದ ಕೈ ಇಷ್ಟು ಹಗುರಾದದ್ದನ್ನು ಅವರು ಎಂದೂ ಕಂಡಿರಲಿಲ್ಲ.

"ಬರುವುದಿಲ್ಲವೇನೋ?" ಎಂದು ಕೇಳಿದರು. ದನಿ ಮೆತ್ತಗಾಗಿತ್ತು.

"ಅವನು ಗೆದ್ದೆ ಅಂದುಕೊಳ್ಳಲಿ ಬಿಡಿ, ವಸ್ತಾದರೇ. ಇವು ಎರಡೆಲೆ ಬಿಟ್ಟಿವೆ. ಈಗ ಬಿಟ್ಟು ಬರಲಾರೆ. ನೀವು ಉಂಡು ಹೋಗಬೇಕು."

ಬೆಳೆದ ಪಾತಿಯಿಂದ ಭರಮಣ್ಣನೇ ಮೆಂತ್ಯ ಕಿತ್ತು ತಂದ. ಪಲ್ಯವಾದ ಮೇಲೆ ಪಂಕ್ತಿಯಲ್ಲಿ ಅವನೇ ಬಡಿಸಿದ. ವಸ್ತಾದರು ಬಿಸಿ ರೊಟ್ಟಿಯ ಜೊತೆ ಮೊದಲ ತುತ್ತು ಬಾಯಿಗಿಟ್ಟು, ತಲೆಯೆತ್ತಿ ಶಿಷ್ಯನನ್ನು ನೋಡಿದರು.

"ನೀನು ಬೆಳೆದದ್ದೇನೋ?"

"ಹೌದು."

"ಇನ್ನೊಂದಿಷ್ಟು ಹಾಕು, ಮಗಾ."

ಭರಮಣ್ಣನ ಎದೆ ಉಬ್ಬಿಬಂತು. ಎಷ್ಟೆಂದರೆ, ಅವನಿಗೇ ಹೆದರಿಕೆಯಾಯಿತು. ಪಲ್ಯದ ಪಾತ್ರೆ ಹಿಡಿದುಕೊಂಡೇ ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಅಜ್ಜನ ಬಳಿ ಹೋಗಿ ಮೆಲ್ಲಗೆ ಹೇಳಿದ.

"ತಪ್ಪಾಯಿತು, ಅಜ್ಜಾರೇ. ಕುಸ್ತಿಯ ಹೆಮ್ಮೆ ಬಿಟ್ಟೆ ಅಂದುಕೊಂಡಿದ್ದೆ. ಈಗ ಸೊಪ್ಪಿನ ಹೆಮ್ಮೆ ಹಿಡಿಯಿತು. ಗರಡಿಯಲ್ಲಿ ಗೆದ್ದಾಗಲೂ ಎದೆ ಇಷ್ಟು ಉಬ್ಬಿರಲಿಲ್ಲ. ಇದನ್ನು ಹೇಗೆ ಕಿತ್ತು ಹಾಕಲಿ?"

"ಆಗ ಎದೆ ಉಬ್ಬಿದಾಗ ನಿನ್ನೆದುರು ಏನು ಕಾಣುತ್ತಿತ್ತು?"

"ಮಣ್ಣಲ್ಲಿ ಬಿದ್ದ ಜಟ್ಟಿ."

"ಈಗ?"

ಭರಮಣ್ಣ ತಿರುಗಿ ಪಂಕ್ತಿಯನ್ನು ನೋಡಿದ. "ಎಲ್ಲರೂ ಉಣ್ಣುತ್ತಿದ್ದಾರೆ, ಅಜ್ಜಾರೇ."

ಅಜ್ಜ ನಕ್ಕು ತಮ್ಮ ತಟ್ಟೆ ಮುಂದೆ ಚಾಚಿದರು.

"ಹಾಗಾದರೆ ಅದನ್ನೇಕೆ ಕೀಳುತ್ತೀ? ನನಗೂ ಇನ್ನಷ್ಟು ಬಡಿಸು."