ನಾನೂರು ಗುಂಡಿ

ಗುಡ್ಡದ ಆಶ್ರಮಕ್ಕೆ ಕಾಡು ಬೆಳೆಸುವುದನ್ನು ಕಲಿಯಲು ಬಂದವರಲ್ಲಿ ನನ್ನಂತೆ ಗುದ್ದಲಿ ಹಿಡಿದವನು ಒಬ್ಬನೂ ಇಲ್ಲ. ಸುಳ್ಳಲ್ಲ, ನೋಡಿದವರಿದ್ದಾರೆ.

ಮೂರನೆಯ ಮಳೆಗಾಲಕ್ಕೆ ಗುರುಗಳು ಮುಳ್ಳು ತುಂಬಿದ ಇಳಿಜಾರೊಂದನ್ನು ತೋರಿಸಿದರು.

"ಸೋಮಲಿಂಗಾ, ಇಲ್ಲಿ ಕಾಡು ಎಬ್ಬಿಸು. ಎಬ್ಬಿಸಿದರ ಗುಡ್ಡವೆಲ್ಲ ನಿನ್ನ ಕೈಗೆ. ಇಲ್ಲದಿದ್ದರ ಊರ ದಾರಿ ಹಿಡಿ."

ಹದಿನೈದೇ ದಿನ! ಕಾರೆಮುಳ್ಳಿನ ಪೊದೆಗಳನ್ನೆಲ್ಲ ಬುಡಕ್ಕೇ ಕಡಿದು, ಸುಡಲು ಒಟ್ಟಿದೆ. ಕಣಜದ ಗೂಡಿದ್ದ ಒಂದೇ ಒಂದು ಪೊದೆ ಬಿಟ್ಟೆ. ದಾರ ಹಿಡಿದು ಸಾಲಾಗಿ ನಾನೂರು ಗುಂಡಿ ತೋಡಿದೆ, ನಾನೂರು ಸಸಿ ನೆಟ್ಟೆ.

ಹದಿನಾರನೆಯ ದಿನ ಆಡು ಕಾಯುವ ಮುದುಕಿ ಮಾಯವ್ವನ ಆಡುಗಳು ಬಂದು ಎಲ್ಲವನ್ನೂ ಮೇಯ್ದು ಹೋದವು.

ಮೈಯೆಲ್ಲ ಉರಿದುಹೋಯಿತು. ಮಾಯವ್ವನ ಹೆಸರಿಗೆ ದೂರು ಬರೆದುಕೊಂಡು ಗುರುಗಳ ಮುಂದೆ ನಿಂತೆ.

"ಅಪ್ಪಾರೆ, ಇದಕ್ಕೊಂದು ರುಜು ಹಾಕ್ರಿ. ಆ ಮುದುಕಿ ಈ ಗುಡ್ಡ ಹತ್ತೋದನ್ನ ಬಂದ್ ಮಾಡಿಸ್ತೀನಿ."

ಗುರುಗಳು ಓದಿದರು. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಜಾರಿನ ಕಡೆ ನಡೆದರು.

ಮಾಯವ್ವ ಕೋಲೂರಿಕೊಂಡು ಅಲ್ಲೇ ನಿಂತಿದ್ದಳು.

"ನಿನ್ನ ಆಡಿಗೆ ಕಣ್ಣಿಲ್ಲೇನು?" ಎಂದು ಕೂಗಿದೆ.

"ಅದಾವಲ್ಲೋ ಯಪ್ಪಾ. ಪಂಕ್ತಿ ಹಾಕಿ ಬಡಿಸಿದ್ದಿ, ಉಂಡು ಎದ್ದವು."

"ನೋಡ್ರಿ ಅಪ್ಪಾರೆ, ಸೊಕ್ಕು!"

ಗುರುಗಳು ನನ್ನ ಕಡೆ ತಿರುಗಲೇ ಇಲ್ಲ.

"ಮಾಯವ್ವಾ, ನಿನ್ನ ಆಡು ಎಲ್ಲಿ ಬಾಯಿ ಹಾಕಂಗಿಲ್ಲ?"

ಅವಳು ನಾನು ಬಿಟ್ಟ ಪೊದೆಯತ್ತ ಕೋಲು ಚಾಚಿದಳು. "ಅದರ ಹೊಟ್ಟ್ಯಾಗ."

ಗುರುಗಳು ಪೊದೆಯೊಳಗೆ ಕೈಯಿಟ್ಟರು. ಕಣಜಗಳು ಎದ್ದವು. ಎರಡು ಕಡಿದವು. ಮೊಣಕೈವರೆಗೆ ಮುಳ್ಳು ಗೀರಿ ರಕ್ತ ಬಂತು. ಕೈ ತೆಗೆಯದೆ ಕೊಂಬೆಗಳನ್ನು ಸರಿಸಿದರು.

ಒಳಗೆ ಎದೆಮಟ್ಟದ ಶ್ರೀಗಂಧದ ಗಿಡ.

"ಇದನ್ನ ನೆಟ್ಟವರು ಯಾರು?"

"ನಾನಲ್ಲ."

"ನಾನೂ ಅಲ್ಲ. ಹಕ್ಕಿ ಬೀಜ ಉದುರಿಸ್ತು, ಮುಳ್ಳು ಕಾಯ್ತು."

"ಒಂದು ಗಿಡದಿಂದ ಏನಾತು, ಅಪ್ಪಾರೆ! ನಾನು ನಾನೂರು ನೆಟ್ಟಿದ್ದೆ!"

ಗುರುಗಳು ನಾನು ಒಟ್ಟಿದ್ದ ಮುಳ್ಳಿನ ರಾಶಿಯ ಬಳಿ ಹೋದರು. ಒಳಗಿನಿಂದ ಒಂದನ್ನು ಎಳೆದರು. ಬಾಡಿದ ಗಂಧದ ಸಸಿ. ಬುಡದಲ್ಲಿ ನನ್ನ ಮಚ್ಚಿನ ಏಟು.

ಅದನ್ನು ನನ್ನ ಕಾಲ ಬಳಿ ಇಟ್ಟರು. ಇನ್ನೊಂದು ಎಳೆದರು. ಮತ್ತೊಂದು.

ಒಂಬತ್ತನೆಯದಕ್ಕೆ ನಾನು ಅವರ ಕೈ ಹಿಡಿದೆ. "ಸಾಕ್ರೀ, ಅಪ್ಪಾರೆ."

ರಾಶಿ ಇನ್ನೂ ಆಳೆತ್ತರ ಇತ್ತು.

ಅವರು ಸೊಂಟದಿಂದ ಕಾಗದ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಮಾಯವ್ವನ ಹೆಸರು ಹೊಡಿ. ಸರಿಯಾದ ಹೆಸರು ಬರಿ. ರುಜು ಹಾಕ್ತೀನಿ."