ತೊರಕೆಯ ಉಪವಾಸ

ಕಡಲ ದಂಡೆಯ ಒಂದು ಊರಿನಲ್ಲಿ ಹಳೆಯ ಅಕ್ವೇರಿಯಂ ಇತ್ತು. ಅಲ್ಲಿನ ದೊಡ್ಡ ಮೀನುಗಳನ್ನು ನೋಡಿಕೊಳ್ಳುತ್ತಿದ್ದವರು ತಾಂಡೇಲ ಮಾಸ್ತರರು. ಅವರ ಬಳಿ ಆ ವಿದ್ಯೆ ಕಲಿಯಲು ಬಂದವಳು ಸುಗಂಧಿ.

ಉಪ್ಪುಗಾಳಿಗೆ ಕಟ್ಟಡ ಬಿರುಕು ಬಿಟ್ಟಿತು. ಅದನ್ನು ಮುಚ್ಚುವುದೆಂದಾಯಿತು. ಘಟ್ಟದ ಮೇಲಿನ ನಗರದಲ್ಲಿ, ಊರವರೆಲ್ಲ ಬಂದು ನೋಡಲೆಂದು, ಹೊಸ ಅಕ್ವೇರಿಯಂ ಎದ್ದಿತು.

ಎರಡು ದೊಡ್ಡ ಜೀವಗಳನ್ನು ಅಲ್ಲಿಗೆ ಸಾಗಿಸಬೇಕಿತ್ತು. ಒಂದು, ಆಳುದ್ದಕ್ಕೂ ಮೀರಿದ ಶಾರ್ಕ್. ಇನ್ನೊಂದು, ರೆಕ್ಕೆ ಬಿಚ್ಚಿದರೆ ಚಾಪೆಯಷ್ಟು ಅಗಲವಾಗುವ ತೊರಕೆ ಮೀನು. ಎರಡೂ ಮರಿಗಳಾಗಿದ್ದಾಗಲೇ ಬಲೆಗೆ ಸಿಕ್ಕಿ ಬಂದವು. ಕೈತುತ್ತು ತಿಂದು ಬೆಳೆದ ಅವಕ್ಕೆ ಬೇಟೆ ಗೊತ್ತಿರಲಿಲ್ಲ. ಮರಳಿ ಕಡಲಿಗೆ ಬಿಡುವಂತಿರಲಿಲ್ಲ.

“ಮೊದಲು ಶಾರ್ಕ್,” ಎಂದರು ಮಾಸ್ತರರು. “ನೀನೇ ಕರೆದುಕೊಂಡು ಹೋಗು. ನಾನು ಜೊತೆಗೆ ಬರುತ್ತೇನೆ, ಅಷ್ಟೆ.”

ಸುಗಂಧಿಗೆ ಹಿಗ್ಗಾಯಿತು, ಅಳುಕೂ ಆಯಿತು. “ಏನು ನೆನಪಿಟ್ಟುಕೊಳ್ಳಬೇಕು, ಮಾಸ್ತರೇ?”

“ನಿನಗೆ ಗೊತ್ತಿರುವುದನ್ನೇ. ಹೊರಡುವ ಮೊದಲು ಮೂರು ದಿನ ಉಪವಾಸ.”

ಅದು ಅವಳಿಗೆ ಗೊತ್ತಿತ್ತು. ಹೊಟ್ಟೆ ತುಂಬಿದ ಮೀನು ದಾರಿಯಲ್ಲಿ ಹೆದರಿ ಕಕ್ಕುತ್ತದೆ. ಕಡಲಲ್ಲಾದರೆ ಕಕ್ಕಿದ್ದು ತೇಲಿ ಹೋದೀತು. ಲಾರಿಯ ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲ. ಕಕ್ಕಿದ ನೀರನ್ನೇ ಮೀನು ಉಸಿರಾಡಬೇಕು.

ಹೊರಡುವ ಹಿಂದಿನ ಸಂಜೆ ಸುಗಂಧಿ ಶಾರ್ಕಿನ ಕೊಳದ ಅಂಚಿನಲ್ಲಿ ನಡೆದಳು. ಶಾರ್ಕ್ ಅವಳ ಜೊತೆಗೇ ಈಜಿತು. ಅವಳು ನಿಂತರೆ ನಿಂತಿತು. ಅವಳು ತಿರುಗಿದರೆ ತಿರುಗಿತು.

ಅವಳ ಮನೆಯಲ್ಲಿ ಯಾರೂ ಬರಿಹೊಟ್ಟೆಯಲ್ಲಿ ಹೊಸಿಲು ದಾಟುತ್ತಿರಲಿಲ್ಲ. ಒಂದು ತುತ್ತಾದರೂ ತಿಂದು ಹೋಗು ಎಂದು ತಾಯಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಸುಗಂಧಿ ಆಚೀಚೆ ನೋಡಿದಳು. ನಾಲ್ಕು ಬಂಗಡೆ ಮೀನು ತಂದು ನೀರಿಗೆ ಹಾಕಿದಳು.

ಇಷ್ಟು ದೊಡ್ಡ ಜೀವಕ್ಕೆ ನಾಲ್ಕು ಬಂಗಡೆ ಏನು ಮಹಾ ಎಂದುಕೊಂಡಳು.

ಘಟ್ಟದ ತಿರುವುಗಳು ಶುರುವಾಗುತ್ತಿದ್ದಂತೆ ಶಾರ್ಕ್ ಕಕ್ಕಿತು.

ನೀರು ಕದಡಿತು. ನೊರೆ ಎದ್ದಿತು. ಸುಗಂಧಿ ಜಾಲರಿಯಿಂದ ಬಾಚಿದಳು, ಆಮ್ಲಜನಕ ಹೆಚ್ಚಿಸಿದಳು, ಜೊತೆಗೆ ತಂದಿದ್ದ ಡ್ರಮ್ಮುಗಳ ನೀರನ್ನೆಲ್ಲ ಸುರಿದಳು. ಸಾಲಲಿಲ್ಲ. ಮಾಸ್ತರರು ಹೆಗಲವರೆಗೆ ತೋಳು ಅದ್ದಿ, ಶಾರ್ಕಿನ ಮೂತಿಯನ್ನು ಹೊಸ ನೀರು ಬೀಳುವ ಕಡೆಗೆ ಹಿಡಿದು ನಿಂತರು.

ಘಟ್ಟ ಹತ್ತಿ ಮುಗಿಯುವಷ್ಟರಲ್ಲಿ ಅದರ ಕಿವಿರು ನಿಂತಿತು.

ಲಾರಿ ಹಿಂತಿರುಗಿತು. ಕಡಲ ದಂಡೆಯಲ್ಲಿ ಗುಂಡಿ ತೋಡಿ ಶಾರ್ಕನ್ನು ಹೂತರು. ಮಾಸ್ತರರು ಮರಳು ಎಳೆದು ಸಮ ಮಾಡಿದರು.

ಸುಗಂಧಿ ತಡೆಯಲಾರದೆ ಹೇಳಿದಳು: “ಮಾಸ್ತರೇ, ನಾನು ಅದಕ್ಕೆ ತಿನ್ನಿಸಿದ್ದೆ.”

“ಗೊತ್ತು. ತೊಟ್ಟಿಯಲ್ಲಿ ಬಂಗಡೆಯ ಮುಳ್ಳು ತೇಲುತ್ತಿತ್ತು.”

“ಮತ್ತೆ ಯಾಕೆ ಬೈಯಲಿಲ್ಲ?”

“ಬೈದರೆ ನಿನಗೆ ಹಗುರಾಗಿಬಿಡುತ್ತದೆ.”

ಅವಳು ಮರಳಿನ ಮೇಲೆ ಕೂತಳು. ಅಲೆಯೊಂದು ಹತ್ತಿರದವರೆಗೆ ಬಂದು ಹಿಂದೆ ಸರಿಯಿತು.

“ಮುಂದಿನ ವಾರ ತೊರಕೆ ಹೋಗಬೇಕು,” ಎಂದರು ಮಾಸ್ತರರು. “ಕರೆದುಕೊಂಡು ಹೋಗು.”

“ನಾನಾ? ಬೇಡ ಮಾಸ್ತರೇ. ಬೇರೆ ಯಾರನ್ನಾದರೂ ಕಳಿಸಿ. ನನ್ನ ಕೈಯಲ್ಲಿ ಒಂದು ಸತ್ತಿದೆ.”

“ಹೌದು. ಅದು ಹೇಗೆ ಸಾಯುತ್ತದೆ ಅಂತ ಈ ಕೈಗೆ ಗೊತ್ತಾಗಿದೆ. ಬೇರೆ ಕೈಗೆ ಗೊತ್ತಿಲ್ಲ.”

ಅಂದಿನಿಂದ ಸುಗಂಧಿ ಊಟ ಬಿಟ್ಟಳು. ಮಾಸ್ತರರು ಎಂದಿನಂತೆ ಗಂಜಿ, ಉಪ್ಪಿನಕಾಯಿ ಹಾಕಿಕೊಂಡು ಕೂತರು. ಅವಳಿಗೂ ಒಂದು ಬಟ್ಟಲು ಬಡಿಸಿದರು.

“ನನಗೆ ಬೇಡ. ಪಾಪ ಮಾಡಿದ್ದೇನೆ. ಇನ್ನು ತೊರಕೆಯೂ ಉಪವಾಸ ಇರಬೇಕು. ನಾನೂ ಅದರ ಜೊತೆ ಇರುತ್ತೇನೆ.”

“ನೀನು ಉಪವಾಸ ಮಾಡಿದರೆ ನೀರು ತಿಳಿಯಾಗುತ್ತದೆಯೇ?”

ಸುಗಂಧಿ ದೂಡಿದ ಬಟ್ಟಲನ್ನು ಮಾಸ್ತರರು ಮತ್ತೆ ಅವಳ ಮುಂದಿಟ್ಟರು.

“ಅದನ್ನು ಜೋಲಿಯಲ್ಲಿ ಎತ್ತಿ ಹಿಡಿಯಬೇಕಾದವಳು ನೀನು. ತೋಳಿನಲ್ಲಿ ಕಸುವಿರಲಿ. ಉಣ್ಣು.”

ಅವಳು ಉಂಡಳು. ಅಳುತ್ತಲೇ ಉಂಡಳು.

ಉಪವಾಸದ ಮೊದಲ ದಿನ ತೊರಕೆ ಏನೂ ಕೇಳಲಿಲ್ಲ. ಎರಡನೆಯ ದಿನ, ತುತ್ತು ಕೊಡುವ ಹೊತ್ತಿಗೆ, ಕೊಳದ ಗೋಡೆಗೆ ಹೊಟ್ಟೆ ತಾಗಿಸಿ ಮೇಲೆದ್ದಿತು. ಬಿಳಿ ಹೊಟ್ಟೆಯ ನಡುವಿನ ಸಣ್ಣ ಬಾಯಿ ತೆರೆದು ಮುಚ್ಚಿತು. ಒಂದು ರೆಕ್ಕೆಯಿಂದ ನೀರನ್ನು ಪಟಪಟ ಬಡಿಯಿತು.

ಮಾಸ್ತರರು ಬಂದಾಗ ಸುಗಂಧಿ ಕೊಳಕ್ಕೆ ಬೆನ್ನು ಹಾಕಿ ಕೂತಿದ್ದಳು. ಸಿಡಿದ ನೀರಿಗೆ ಅವಳ ಬೆನ್ನು ತೊಯ್ದಿತ್ತು.

“ಆ ಕಡೆ ಯಾಕೆ ತಿರುಗಿದ್ದೀಯ?”

“ನೋಡಿದರೆ ಕೊಟ್ಟುಬಿಡುತ್ತೇನೆ.”

“ನೋಡದೆ ಇದ್ದರೆ ಅದಕ್ಕೆ ಮೈ ಸರಿ ಇಲ್ಲದ್ದು ಹೇಗೆ ಗೊತ್ತಾಗುತ್ತದೆ?”

“ಹಾಗಾದರೆ ಏನು ಮಾಡಲಿ?”

“ನೋಡು. ಕೊಡಬೇಡ.”

“ಎರಡೂ ಒಟ್ಟಿಗೆ ಆಗುವುದಿಲ್ಲ, ಮಾಸ್ತರೇ.”

ಮಾಸ್ತರರು ಹೊರಟುಹೋದರು.

ಸುಗಂಧಿ ಬಹಳ ಹೊತ್ತು ಹಾಗೆಯೇ ಕೂತಿದ್ದಳು. ಆಮೇಲೆ ತಿರುಗಿದಳು. ಖಾಲಿ ಅಂಗೈಯನ್ನು ನೀರಿನಲ್ಲಿ ಇಟ್ಟಳು. ತೊರಕೆ ಬಂದು ಮೂಸಿತು, ಅಂಗೈಯನ್ನು ಮೆಲ್ಲಗೆ ಹೀರಿತು, ಏನೂ ಸಿಗದೆ ಒಂದು ಸುತ್ತು ಹೋಗಿ ಮತ್ತೆ ಬಂದಿತು. ಅವಳು ಕೈ ಹಿಂದೆಗೆಯಲಿಲ್ಲ. ಕಣ್ಣೂ ತೆಗೆಯಲಿಲ್ಲ. ಅದರ ಕಿವಿರಿನ ಏರಿಳಿತ ನೋಡಿದಳು. ಎಡ ರೆಕ್ಕೆಯ ಅಂಚಿನಲ್ಲಿ ಒಂದು ಹಳೆಯ ಗಾಯದ ಗೆರೆ ಇತ್ತು. ಇಷ್ಟು ಕಾಲ ತಿನ್ನಿಸಿದರೂ ಅದನ್ನು ಅವಳು ಕಂಡಿರಲಿಲ್ಲ.

ಮೂರನೆಯ ದಿನವೂ ಹಾಗೆಯೇ ಕೂತಳು.

ಹೊರಡುವ ಬೆಳಿಗ್ಗೆ, ಚುಚ್ಚದಿರಲೆಂದು, ತೊರಕೆಯ ಬಾಲದ ವಿಷಮುಳ್ಳಿಗೆ ರಬ್ಬರ್ ಕೊಳವೆ ತೊಡಿಸಿದರು. ಕ್ಯಾನ್ವಾಸ್ ಜೋಲಿಯನ್ನು ಅದರ ಅಡಿಗೆ ಸರಿಸಿದರು. ಕ್ರೇನು ಎತ್ತುವಾಗ ಜೋಲಿಯ ಒಂದು ತುದಿಯನ್ನು ಸುಗಂಧಿಯೇ ಹಿಡಿದಳು. ತೊರಕೆ ಒಮ್ಮೆ ಒದ್ದಾಡಿತು, ಮತ್ತೆ ಸುಮ್ಮನಾಯಿತು.

ಮಾಸ್ತರರು ಮುಂದೆ ಡ್ರೈವರಿನ ಪಕ್ಕ ಕೂತರು. ಸುಗಂಧಿ ಹಿಂದೆ, ತೊಟ್ಟಿಯ ಬಳಿ.

ಘಟ್ಟ ಶುರುವಾಯಿತು. ಅವಳು ಮುಚ್ಚಳದ ಕಿಂಡಿಗೆ ಮೂಗು ಹಿಡಿದಳು. ಬರಿ ಉಪ್ಪಿನ ವಾಸನೆ. ಒಳಗೆ ನೀರು ತಿಳಿಯಾಗಿತ್ತು. ತಳದಲ್ಲಿ ತೊರಕೆ ಹಾಸಿದಂತೆ ಮಲಗಿತ್ತು. ಕಿವಿರು ಏರುತ್ತಿತ್ತು, ಇಳಿಯುತ್ತಿತ್ತು.

“ಜೋರಾಗಿ ಬಿಡಲೇನು, ಅಕ್ಕಾ?” ಡ್ರೈವರ್ ಕೂಗಿ ಕೇಳಿದ.

“ಬೇಡಪ್ಪ. ಹೀಗೇ ಮೆಲ್ಲಗೆ ಹೋಗು.”

ಹೊಸ ಅಕ್ವೇರಿಯಮ್ಮಿನಲ್ಲಿ ಕೊಳವೆಂದರೆ ಒಂದು ಕೆರೆಯೇ. ಒಂದು ಬದಿಗೆ ಆಳೆತ್ತರದ ಗಾಜು. ಸುಗಂಧಿ ಎದೆಮಟ್ಟದ ನೀರಿಗಿಳಿದು ಜೋಲಿ ಬಿಚ್ಚಿದಳು. ತೊರಕೆ ಕೆಳಗೆ ಜಾರಿ ಮರಳಿನ ಮೇಲೆ ಕೂತಿತು. ಆಮೇಲೆ ಅದರ ರೆಕ್ಕೆಯ ಅಂಚು ಅಲುಗಿತು. ಮರಳು ಎದ್ದಿತು. ತೊರಕೆ ಗಾಜಿನುದ್ದಕ್ಕೂ ತೇಲಿಹೋಯಿತು.

ಮರುದಿನ ಉಪವಾಸ ಬಿಡಿಸುವ ಹೊತ್ತು. ಸುಗಂಧಿ ತಾನೇ ಬಂಗಡೆ ಕೊಯ್ದು, ಮುಳ್ಳು ತೆಗೆದು ತಂದಳು. ಅಂಚಿನಲ್ಲಿ ಕೂತು ಕೈ ಅದ್ದಿದಳು.

ತೊರಕೆ ಬರಲಿಲ್ಲ. ದೂರದಲ್ಲೇ ಸುತ್ತಿತು. ಅವಳು ನೀರು ತಟ್ಟಿದಳು, ಕರೆದಳು. ಬರಲಿಲ್ಲ.

ಆಚೆ ಬದಿಯಲ್ಲಿ ಅಲ್ಲಿನ ಕೆಲಸದವಳು, ಆ ದಿನವಷ್ಟೇ ಅದನ್ನು ಕಂಡವಳು, ಒಂದು ತುಂಡು ಹಿಡಿದು ನಿಂತಿದ್ದಳು. ತೊರಕೆ ಅವಳ ಬಳಿಗೆ ಹೋಯಿತು. ಗೋಡೆಗೆ ಹೊಟ್ಟೆ ತಾಗಿಸಿ ಮೇಲೆದ್ದಿತು. ತಿಂದಿತು. ಇನ್ನೂ ಕೇಳಿತು. ಬುಟ್ಟಿ ಬರಿದಾಗುವವರೆಗೆ ತಿಂದಿತು. ಗಾಜಿನಾಚೆ ಕಟ್ಟಡದ ಕೆಲಸ ಮುಗಿಸಿ ನಿಂತಿದ್ದ ಗಾರೆಯವರು ಚಪ್ಪಾಳೆ ತಟ್ಟಿದರು.

ಸುಗಂಧಿ ಕೈಯಲ್ಲಿದ್ದ ತುಂಡುಗಳನ್ನು ಬಟ್ಟಲಿಗೆ ಹಾಕಿ ಮಾಸ್ತರರ ಬಳಿಗೆ ಬಂದಳು.

“ನನ್ನ ಹತ್ತಿರ ಬರಲೇ ಇಲ್ಲ, ಮಾಸ್ತರೇ.”

“ತಿಂದಿತೇ?”

“ತಿಂದಿತು.”

“ಕಕ್ಕಿತೇ?”

“ಇಲ್ಲ.”

“ಹೊಟ್ಟೆ ತುಂಬಿತೇ?”

“ತುಂಬಿತು. ಆದರೆ ಒಂದು ಸಲವಾದರೂ ನನ್ನ ಕೈಯಿಂದ…”

ಮಾಸ್ತರರು ಅವಳ ತಲೆ ಸವರಿದರು.

“ಮಗಾ, ಹಾಗಾದರೆ ಈಗ ಹಸಿದಿರುವುದು ಯಾರು?”