ಜಾರದ ನರ

ಶಿಷ್ಯ ಕೇಳಿದ: “ಗುರುಗಳೇ, ನಾಳೆಯಿಂದ ಆಟಗಾರರ ಶಿಬಿರದಲ್ಲಿ ನನಗೆ ಕೆಲಸ. ನೋವಿಗೆ ಕೈಯಿಂದ ಮಾಡುವ ಚಿಕಿತ್ಸೆಯನ್ನು ನೀವು ಹತ್ತಾರು ಬಗೆ ಕಲಿಸಿದ್ದೀರಿ. ಅವುಗಳಲ್ಲಿ ಇದನ್ನೇ ಏಕೆ ಮಾಡಿದೆ ಎಂದು ಆಟಗಾರರು ಕೇಳಿದರೆ ಎಂಥ ಕಾರಣ ಕೊಡಲಿ? ಅವರು ನಂಬಬೇಕಲ್ಲ.”

ನಂಬಿಸುವುದು ಕಷ್ಟವಲ್ಲ ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಗರಡಿಮನೆಯಲ್ಲಿ ಒಬ್ಬ ಪೈಲ್ವಾನನಿದ್ದ. ಅಲ್ಲೇ ಪೈಲ್ವಾನರ ಮೈ ತಿಕ್ಕುವವನೊಬ್ಬನಿದ್ದ. ದೊಡ್ಡ ಕುಸ್ತಿಗೆ ಒಂದು ತಿಂಗಳಿರುವಾಗ ಪೈಲ್ವಾನನ ಬಲಭುಜ ಹಿಡಿದುಕೊಂಡಿತು. ತೋಳು ಕಿವಿಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅವನು ಹಿಂದಿನ ಎರಡು ವರ್ಷ ಸೋತಿದ್ದ. ಈ ಸಲವೂ ಆಗದಿದ್ದರೆ ಗರಡಿಯ ಹೆಸರಿನಲ್ಲಿ ಬೇರೆಯವನನ್ನು ಇಳಿಸುವುದಾಗಿ ಕುಸ್ತಿ ಕಲಿಸುವ ಉಸ್ತಾದರು ಹೇಳಿಯಾಗಿತ್ತು.

ತಿಕ್ಕುವವನು ಬೆನ್ನಿನ ಕಡೆಯಿಂದ ಒತ್ತಿ, ತೋಳು ಎತ್ತಿಸಿ ನೋಡಿದ. ಏಳಲಿಲ್ಲ. ಕಂಕುಳ ಬಳಿ ಒತ್ತಿ ಮತ್ತೆ ಎತ್ತಿಸಿದ. ತೋಳು ಮೇಲೆ ಹೋಯಿತು. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಅದೇನೂ ಕಡಿಮೆಯಲ್ಲ.

ಆದರೆ ಪೈಲ್ವಾನ ಹೆದರಿದ್ದ. ಏನಾಗಿತ್ತು ಎಂದು ಕೇಳಿದ, ಮತ್ತೆ ಮತ್ತೆ ಕೇಳಿದ. ಹೆದರಿದವನಿಗೆ ಗೊತ್ತಿಲ್ಲ ಎನ್ನಲು ಇವನಿಗೆ ಮನಸ್ಸಾಗಲಿಲ್ಲ. ನರ ಜಾರಿತ್ತು, ಕೂರಿಸಿದೆ ಎಂದ. ಯಾವ ನರವೂ ಜಾರಿರಲಿಲ್ಲ. ಆದರೆ ಮಾತು ಚೆನ್ನಾಗಿತ್ತು. ಅಂದು ಪೈಲ್ವಾನ ನೆಮ್ಮದಿಯಾಗಿ ಊಟ ಮಾಡಿದ.

ಒಮ್ಮೆ ಜಾರಿದ್ದು ಇನ್ನೊಮ್ಮೆ ಜಾರಬಹುದಲ್ಲ. ಪೈಲ್ವಾನ ಗದೆ ತಿರುಗಿಸುವುದನ್ನು ಬಿಟ್ಟ. ಅಖಾಡದ ಮಣ್ಣು ಅಗೆಯುವ ತನ್ನ ಸರದಿಯನ್ನು ಬೇರೆಯವರಿಗೆ ಕೊಟ್ಟ. ದಿನಕ್ಕೆರಡು ಸಲ ಬಂದು, ನರ ಜಾಗದಲ್ಲಿದೆಯಾ ನೋಡು ಎನ್ನುತ್ತಿದ್ದ. ತಿಕ್ಕುವವನು ಮುಟ್ಟಿ ನೋಡಿ, ಇದೆ ಎನ್ನುತ್ತಿದ್ದ. ಪೈಲ್ವಾನರ ನರ ಇವತ್ತು ಮನೆಯಲ್ಲಿದೆಯೋ ಪರವೂರಿಗೆ ಹೋಗಿದೆಯೋ ಎಂದು ಗರಡಿಯವರು ನಗುತ್ತಿದ್ದರು. ಕುಸ್ತಿಗೆ ವಾರವಿರುವಾಗ ಆ ತೋಳು ಇನ್ನೊಂದಕ್ಕಿಂತ ಸಣ್ಣಗಾಗಿರುವುದು ತಿಕ್ಕುವವನ ಕೈಗೆ ತಿಳಿಯಿತು.

ಅವನು ನಾಚಿಕೆ ಬಿಟ್ಟು ಹೇಳಿದ: “ನೋಡಪ್ಪಾ, ನರ ಗಿರ ಏನೂ ಜಾರಿರ್ಲಿಲ್ಲ. ಯಾಕೆ ಹಿಡ್ಕೊಂಡಿತ್ತೋ ನಂಗೂ ಗೊತ್ತಿಲ್ಲ. ನೀನು ಹೆದರಿದ್ದೆ, ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಎದ್ದು ಗದೆ ಎತ್ತು.”

ಪೈಲ್ವಾನ ಅವನ ಎರಡೂ ಕೈ ಹಿಡಿದುಕೊಂಡ. “ಅಣ್ಣಾ, ನೀನು ಒಳ್ಳೆಯವನು. ನಂಗೆ ಧೈರ್ಯ ಬರ್ಲಿ ಅಂತ ಸುಳ್ಳು ಹೇಳ್ತಿದ್ದೀಯ.”

ಕುಸ್ತಿಯ ದಿನ ಅವನ ಹೆಸರನ್ನು ಮೂರು ಸಲ ಕೂಗಿದರು. ಅವನು ಅಖಾಡದ ಅಂಚಿನಲ್ಲಿ, ಎಡಗೈಯಿಂದ ಬಲಭುಜ ಹಿಡಿದು ನಿಂತಿದ್ದ. ನೋವಿರಲಿಲ್ಲ. ಆದರೂ ಇಳಿಯಲಿಲ್ಲ. ಉಸ್ತಾದರು ಇನ್ನೊಬ್ಬನ ಭುಜಕ್ಕೆ ಮಣ್ಣು ಹಚ್ಚಿ ಒಳಗೆ ಕಳಿಸಿದರು. ತಿಕ್ಕುವವನು ಕುಸ್ತಿ ನೋಡಲಿಲ್ಲ. ಪೈಲ್ವಾನನ ಪಕ್ಕದಲ್ಲಿ ಹೋಗಿ ನಿಂತ, ಅಷ್ಟೇ.

ಕತೆ ಮುಗಿದಿತ್ತು. ಹಾಗಾದರೆ ತಿಕ್ಕುವವನು ಒತ್ತಿದ್ದೇ ತಪ್ಪೇ ಎಂದು ಶಿಷ್ಯ ಕೇಳಿದ. ಒತ್ತಿದ್ದು ಸರಿ, ಎತ್ತಿಸಿ ನೋಡಿ ಆರಿಸಿದ್ದು ಇನ್ನೂ ಸರಿ ಎಂದರು ಗುರುಗಳು. ಮತ್ತೆ ನಾನು ಯಾವ ಕಾರಣ ಕೊಡಲಿ ಎಂದು ಶಿಷ್ಯ ಮೊದಲಿನ ಪ್ರಶ್ನೆಗೇ ಬಂದ.

“ಅವರು ನಂಬುವ ಕಾರಣವನ್ನಲ್ಲ, ನಾಳೆ ನೀನು ವಾಪಸು ತೆಗೆದುಕೊಳ್ಳಬಲ್ಲ ಕಾರಣವನ್ನು ಕೊಡು.”